ಶೆಟ್ಟೆಪ್ಪನ ಪಿಕಪ್ಪಿನ ಬಲಗಡೆಯ ಹುಕ್ಕು

ಶೆಟ್ಟೆಪ್ಪನ ಪಿಕಪ್ ಗಾಡಿಯ ಮುಂಭಾಗದಲ್ಲಿ, ಬಂಪರಿನ ಕೆಳಗೆ, ಹಗ್ಗ ಕಟ್ಟಿ ಎಳೆಯುವ ಎರಡು ಹುಕ್ಕುಗಳಿದ್ದವು. ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ. ಎರಡನ್ನೂ ಕುರ್ಲಾದ ಒಂದೇ ಅಂಗಡಿಯಲ್ಲಿ ಒಂದೇ ದಿನ ಕೊಂಡದ್ದು. ಎರಡಕ್ಕೂ ಒಂದೇ ಬಗೆಯ ಕ್ರೋಮ್ ಲೇಪ. ಮುಂಬಯಿಯ ಮಳೆಯೂ ಪಕ್ಷಪಾತವಿಲ್ಲದೆ ಎರಡರ ಮೇಲೂ ಸುರಿಯುತ್ತಿತ್ತು. ಹೀಗಿದ್ದೂ ಎಡಗಡೆಯದು ಮದುಮಗನ ಉಂಗುರದಂತೆ ಹೊಳೆಯುತ್ತಿತ್ತು. ಬಲಗಡೆಯದು ಹಾಳುಬಾವಿಯ ಗಡಗಡಿಯಂತೆ ಜಂಗು, ಅಂದರೆ ತುಕ್ಕು, ಹಿಡಿದು ಕೂತಿತ್ತು.

ಕ್ರೋಮ್ ಜಂಗು ಹಿಡಿಯಿತು ಎಂದು ಜನ ಹೇಳುತ್ತಾರೆ. ಅದು ತಪ್ಪು. ಕ್ರೋಮ್ ಜಂಗು ಹಿಡಿಯುವುದಿಲ್ಲ. ಲೇಪದಲ್ಲಿ ಎಲ್ಲಿಯೋ ಬಿರುಕು ಬಿಟ್ಟು, ಅದರೊಳಗೆ ನೀರಿಳಿದು, ಅಡಿಯಲ್ಲಿರುವ ಕಬ್ಬಿಣ ಜಂಗು ಹಿಡಿಯುತ್ತದೆ. ಪ್ರಶ್ನೆಯಿದ್ದದ್ದು ಬಿರುಕು ಬಿಟ್ಟದ್ದೇಕೆ, ಅದೂ ಬಲಗಡೆಗೆ ಮಾತ್ರವೇಕೆ ಎಂಬುದು. ಶೆಟ್ಟೆಪ್ಪ ಈ ಪ್ರಶ್ನೆಯನ್ನು ತಲೆಯಲ್ಲಿಟ್ಟುಕೊಂಡು ಧಾರಾವಿಯಿಂದ ಭಿವಂಡಿಯವರೆಗೆ ಎಷ್ಟೋ ಸಲ ಗಾಡಿ ಓಡಿಸಿದ್ದ. ಉತ್ತರ ಸಿಕ್ಕಿರಲಿಲ್ಲ.

ಒಂದು ಹುಕ್ಕಿನ ಜಂಗಿಗೆ ಇಷ್ಟೊಂದು ಚಿಂತೆಯೇ ಎಂದು ನಗುವವರು ಉಂಟು. ಅಂಥವರು ಆಂಟಾಪ್ ಹಿಲ್‌ನಲ್ಲಿ ಗಾಡಿ ನಿಲ್ಲಿಸಲು ಜಾಗ ಹುಡುಕಿದವರಲ್ಲ ಎಂದಷ್ಟೇ ಹೇಳಬಹುದು. ಅಲ್ಲಿ ರಸ್ತೆಯ ಎರಡೂ ಬದಿಗೆ ಗಾಡಿಗಳು ಎರಡೆರಡು ಸಾಲಾಗಿ ನಿಂತಿರುತ್ತವೆ. ಹೊರಗೆ ನಿಲ್ಲಿಸಿದ ಗಾಡಿಯ ಬ್ಯಾಟರಿ ಬೆಳಗಾಗುವುದರೊಳಗೆ ಯಾರದೋ ಆಗಿರುತ್ತದೆ. ಬ್ಯಾಟರಿ ಉಳಿದರೆ ಗಾಡಿಯನ್ನೇ ಕ್ರೇನು ಎತ್ತಿಕೊಂಡು ಹೋಗಿರುತ್ತದೆ. ಶೆಟ್ಟೆಪ್ಪನಿಗೆ ತನ್ನ ಬಿಲ್ಡಿಂಗಿನ ಕಾಂಪೌಂಡಿನೊಳಗೆ, ಗೇಟಿನ ಪಕ್ಕ, ನೀರಿನ ಪಂಪಿನ ಕೋಣೆಯ ಎದುರು ಒಂದು ಜಾಗವಿತ್ತು. ಬಾಡಿಗೆ ಗಾಡಿಗಳಿಗೆ ಕಾಂಪೌಂಡಿನಲ್ಲಿ ಅವಕಾಶವಿಲ್ಲವೆಂಬ ನಿಯಮ ಸೊಸೈಟಿಯಲ್ಲಿ ಇದ್ದದ್ದು ನಿಜ. ಆದರೆ ವರ್ಷಕ್ಕೊಮ್ಮೆ ಸೊಸೈಟಿಯ ಗಣಪತಿಯನ್ನು ತರುವುದು, ಕಳುಹಿಸುವುದು, ನಡುನಡುವೆ ಸದಸ್ಯರ ಕಪಾಟು, ಫ್ರಿಜ್ಜು, ಸೋಫಾಗಳನ್ನು ಸಾಗಿಸುವುದು ಇವೆಲ್ಲ ಅದೇ ಪಿಕಪ್ಪಿನಿಂದ ಆಗುತ್ತಿದ್ದುದರಿಂದ ಆ ನಿಯಮವನ್ನು ಯಾರೂ ಗಟ್ಟಿಯಾಗಿ ಓದುತ್ತಿರಲಿಲ್ಲ.

ಈ ವರ್ಷ ಕಾಂಪೌಂಡಿಗೆ ಹೊಸ ಪೇವರ್ ಬ್ಲಾಕ್ ಹಾಸಿದರು. ಬಣ್ಣವನ್ನು ಆರಿಸಿದವರು ಸೊಸೈಟಿಯ ಸೆಕ್ರೆಟರಿ ಮಾಧುರಿಬಾಯಿ. ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು, ತವರುಮನೆ ಬೆಳಗಾವಿ. ಕೆನೆಬಣ್ಣದ ಬ್ಲಾಕ್ ಬೇಡ, ಕೊಳೆ ಕಾಣುತ್ತದೆ ಎಂದು ಹಲವರು ಹೇಳಿದ್ದರು. ಕೊಳೆ ಕಾಣಲೆಂದೇ ಆ ಬಣ್ಣ ಎಂದು ಅವರು ಉತ್ತರಿಸಿದ್ದರು.

ಮೊದಲ ಮಳೆ ಬಿದ್ದ ಮರುದಿನವೇ ಕೊಳೆ ಕಂಡಿತು. ಪಿಕಪ್ಪಿನ ಬಲಗಡೆಯ ಹುಕ್ಕಿನಿಂದ ತೊಟ್ಟಿಕ್ಕಿದ ಜಂಗಿನ ನೀರು ಕೆನೆಬಣ್ಣದ ಹಾಸಿನ ಮೇಲೆ ಚಹಾ ಚೆಲ್ಲಿದಂತೆ ಹರಡಿತ್ತು. ಮಾಧುರಿಬಾಯಿ ಕೊಡೆ ಹಿಡಿದು ಬಂದು ಅದರ ಪಕ್ಕ ನಿಂತರು. ಶೆಟ್ಟೆಪ್ಪನನ್ನು ಮನೆಯಿಂದ ಹೊರಗೆ ಕರೆದರು.

"ಶೆಟ್ಟೆಪ್ಪ ಅವರ, ಇದೇನ್ರಿ?"

"ನೀರ್ರಿ ಬಾಯಾರ."

"ನೀರಿಗೆ ಇಂಥಾ ಬಣ್ಣ ಇರ್ತದೇನ್ರಿ?"

"ಮುಂಬೈ ಮಳಿ ನೋಡ್ರಿ. ಯಾವ ಬಣ್ಣಾನೂ ಇರಬಹುದು."

"ಮಳಿ ಪೂರಾ ಕಾಂಪೌಂಡಿಗೆ ಬಿದ್ದದ. ಈ ಕೆಂಪ ಕಲಿ ನಿಮ್ಮ ಗಾಡಿ ಕೆಳಗಷ್ಟ ಅದ. ಇದನ್ನ ಹ್ಯಾಂಗ ಲೆಕ್ಕಾ ಹಾಕೂಣು?"

ಗಣಿತದ ಟೀಚರ ಮುಂದೆ ಶೆಟ್ಟೆಪ್ಪನ ಲೆಕ್ಕ ಅಲ್ಲಿಗೆ ನಿಂತಿತು. ಮಾಧುರಿಬಾಯಿ ಮುಂದುವರಿಸಿದರು. "ಈ ಐತವಾರ ಮೀಟಿಂಗ್ ಅದ. ಅಷ್ಟರೊಳಗ ಹುಕ್ ಸ್ವಚ್ಛ ಆಗಬೇಕು, ಕಲಿ ಬೀಳೂದು ನಿಲ್ಲಬೇಕು. ಇಲ್ಲಾಂದ್ರ ಗಾಡಿ ಹೊರಗ. ಎರಡನೇ ಮಜಲಿಯ ಸಚಿನ ಹೊಸಾ ಕಾರ್ ತಗೊಂಡಾನ, ಇದ ಜಾಗಾ ಕೇಳ್ಲಿಕತ್ತಾನ. ನಾ ಎಷ್ಟ ದಿನಾ ಬ್ಯಾಡ ಅನ್ಲಿ?"

ಆ ಕ್ಷಣದಿಂದ ಅದು ಬರಿಯ ಹುಕ್ಕಿನ ವಿಷಯವಾಗಿ ಉಳಿಯಲಿಲ್ಲ.

ಹುಕ್ಕನ್ನು ಬಿಚ್ಚಿ ಒಗೆಯಬಾರದಿತ್ತೇ ಎಂದು ಕೇಳಬಹುದು. ಶೆಟ್ಟೆಪ್ಪ ಅದನ್ನೂ ಪ್ರಯತ್ನಿಸಿದ್ದ. ಕುರ್ಲಾದ ಮೆಕ್ಯಾನಿಕ್ ಪಾನಾ ಹಾಕಿ ತಿರುಗಿಸಿದಾಗ ಬೋಲ್ಟು ಅಲುಗಲಿಲ್ಲ, ಅದರ ತಲೆ ಮಾತ್ರ ಸವೆದು ಗುಂಡಗಾಯಿತು. ಇನ್ನು ಗ್ಯಾಸಿನಿಂದ ಸುಟ್ಟು ಕತ್ತರಿಸಬೇಕು, ಸುತ್ತಲಿನ ಬಣ್ಣ ಹೋದರೆ ತನ್ನನ್ನು ಕೇಳಬಾರದು ಎಂದು ಅವನು ಕೈತೊಳೆದುಕೊಂಡ. ಅಲ್ಲದೆ ಹುಕ್ಕು ಬರಿಯ ಅಲಂಕಾರವೂ ಅಲ್ಲ. ಮಳೆಗಾಲದಲ್ಲಿ ತಗ್ಗಿನ ರಸ್ತೆಗಳಲ್ಲಿ ನೀರು ನಿಂತಾಗ ಶೆಟ್ಟೆಪ್ಪ ಆ ಹುಕ್ಕಿಗೆ ಹಗ್ಗ ಕಟ್ಟಿ, ಗಾಡಿಯನ್ನು ಹಿಂದಕ್ಕೆ ನಡೆಸಿ, ಕೆಟ್ಟು ನಿಂತ ರಿಕ್ಷಾಗಳನ್ನು ಎಳೆದು ಹಾಕುತ್ತಿದ್ದ. ಹಾಗೆ ಎಳೆಸಿಕೊಂಡ ರಿಕ್ಷಾದವರಲ್ಲಿ ಅನೇಕರು ಈಗಲೂ ಸಿಗ್ನಲ್ಲಿನಲ್ಲಿ ಅವನಿಗೆ ದಾರಿ ಬಿಡುತ್ತಾರೆ. ಮುಂಬಯಿಯಲ್ಲಿ ಇದಕ್ಕಿಂತ ದೊಡ್ಡ ಗೌರವವಿಲ್ಲ.

ಶೆಟ್ಟೆಪ್ಪ ಹುಟ್ಟಿದ್ದು ವಿಜಯಪುರ ಜಿಲ್ಲೆಯ ಇಂಡಿ ಪಟ್ಟಣದ ಹತ್ತಿರದ ಹಳ್ಳಿಯಲ್ಲಿ. ತಂದೆಗೆ ಬಂಡಿಯಿತ್ತು. ಆ ಬಂಡಿಯಲ್ಲಿ ಊರಿನವರ ಜೋಳ, ಕಡಲೆ, ಮದುವೆಯ ದಿಬ್ಬಣ ಎಲ್ಲವೂ ಸಾಗುತ್ತಿದ್ದವು. ಶೆಟ್ಟೆಪ್ಪ ಮೀಸೆ ಚಿಗುರುವ ವಯಸ್ಸಿಗೆ ಮುಂಬಯಿಗೆ ಬಂದ. ಧಾರಾವಿಯ ಚರ್ಮದ ಕಾರ್ಖಾನೆಯೊಂದರಲ್ಲಿ ಕೈಗಾಡಿ ದೂಡಿದ. ಆಮೇಲೆ ಟೆಂಪೋದ ಕ್ಲೀನರ್ ಆದ. ಆಮೇಲೆ ಬೇರೆಯವರ ಗಾಡಿಯ ಡ್ರೈವರ್. ಸ್ವಂತ ಪಿಕಪ್ ಕೊಂಡಾಗ ತಲೆಗೂದಲು ಅರ್ಧ ಬೆಳ್ಳಗಾಗಿತ್ತು. ಗಾಡಿ ಕೊಂಡ ವರ್ಷ ಹೆಂಡತಿ ದೇವಕ್ಕ ಒಂದು ಮೂಗುತಿ ಕೇಳಿದ್ದಳು. ಅದನ್ನು ತರಲೆಂದು ಹೊರಟವನು ದಾರಿಯಲ್ಲಿ ಕುರ್ಲಾದ ಸಾಮಾನಿನ ಅಂಗಡಿಯಲ್ಲಿ ಹೊಳೆಯುವ ಜೋಡಿ ಹುಕ್ಕುಗಳನ್ನು ಕಂಡ. ಮೂಗುತಿ ಮುಂದಿನ ವರ್ಷಕ್ಕೆ ಹೋಯಿತು. ಆ ಮುಂದಿನ ವರ್ಷ ಈವರೆಗೆ ಬಂದಿಲ್ಲ.

"ನನ್ನ ಮೂಗಿಗೆ ಬರಬೇಕಾದ್ದು ಗಾಡಿ ಮೂಗಿಗೆ ಹೋತು," ಎಂದು ದೇವಕ್ಕ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದಳು. "ಅದಕ್ಕ ನೆಗಡಿ ಬಂದೈತಿ ಈಗ. ಸುರಿಯಾಕತ್ತೈತಿ."

ಮನೆಯಲ್ಲಿ ಶೆಟ್ಟೆಪ್ಪನ ತಾಯಿ ಸೋಮವ್ವನೂ ಇದ್ದಳು. ಮಗನ ಪಿಕಪ್ಪನ್ನು ಅವಳು ಎಂದೂ ಗಾಡಿ ಎನ್ನಲಿಲ್ಲ; ಎತ್ತು ಎನ್ನುತ್ತಿದ್ದಳು. ಪ್ರತಿ ಅಮಾವಾಸ್ಯೆಗೆ ಎತ್ತಿನ ಪೂಜೆ ತಪ್ಪುವಂತಿರಲಿಲ್ಲ. ಗಾಡಿ ತೊಳೆಯಬೇಕು, ವಿಭೂತಿ ಬಳಿಯಬೇಕು, ಅರಿಷಿಣ ಕುಂಕುಮ ಹಚ್ಚಬೇಕು, ಮುಂಗಾಲಿಗಳ ಕೆಳಗೆ ನಿಂಬೆಹಣ್ಣು ಇಡಬೇಕು, ಕಾಯಿ ಒಡೆಯಬೇಕು. ಇದೆಲ್ಲ ಮುಗಿದ ಮೇಲೆಯೇ ಶೆಟ್ಟೆಪ್ಪ ಬಾಡಿಗೆಗೆ ಹೊರಡಬಹುದಿತ್ತು. ಉತ್ತರ ಕರ್ನಾಟಕದಿಂದ ಬಂದ ಯಾವ ಡ್ರೈವರನ ಮನೆಯಲ್ಲಿಯೂ ಇದು ಹೊಸದಲ್ಲವಾದ್ದರಿಂದ ಯಾರೂ ಅದರ ಕಡೆ ಲಕ್ಷ್ಯ ಕೊಟ್ಟಿರಲಿಲ್ಲ. ಲಕ್ಷ್ಯ ಕೊಡಬೇಕಾಗಿತ್ತು.

ಜಂಗಿನ ಬಗ್ಗೆ ಶೆಟ್ಟೆಪ್ಪನ ಮೊದಲ ಸಿದ್ಧಾಂತ ಸಮುದ್ರದ್ದಾಗಿತ್ತು. ಗಾಡಿ ಉತ್ತರಕ್ಕೆ ಮುಖಮಾಡಿ ನಿಲ್ಲುತ್ತಿತ್ತು, ಬಲಗಡೆ ಪೂರ್ವವಾಯಿತು, ಪೂರ್ವಕ್ಕೆ ವಡಾಲದ ಉಪ್ಪಿನ ಗದ್ದೆಗಳು. ಉಪ್ಪಿನ ಗಾಳಿ ಮೊದಲು ಬಲಗಡೆಯ ಹುಕ್ಕಿಗೆ ಬಡಿಯುತ್ತದೆ, ಎಡಗಡೆಯದು ಬಂಪರಿನ ಮರೆಯಲ್ಲಿ ಸುಖವಾಗಿರುತ್ತದೆ ಎಂದು ಅವನು ತರ್ಕಿಸಿದ. ತರ್ಕದಲ್ಲಿ ದೋಷವಿರಲಿಲ್ಲ. ಪರೀಕ್ಷೆಗೆಂದು ಗಾಡಿಯನ್ನು ತಿರುಗಿಸಿ ದಕ್ಷಿಣಕ್ಕೆ ಮುಖಮಾಡಿ ನಿಲ್ಲಿಸತೊಡಗಿದ. ಈಗ ಉಪ್ಪಿನ ಗಾಳಿಗೆ ಎಡಗಡೆಯ ಹುಕ್ಕು ಎದುರಾಯಿತು. ಎರಡು ಅಮಾವಾಸ್ಯೆ ಕಳೆದವು. ಎಡಗಡೆಯದು ಹಾಗೆಯೇ ಹೊಳೆಯಿತು. ಬಲಗಡೆಯದು ಇನ್ನಷ್ಟು ಕೆಂಪಾಯಿತು. ಇಲ್ಲಿ ಬೇರೆ ಯಾರಾದರೂ ಆಗಿದ್ದರೆ ಸಿದ್ಧಾಂತವನ್ನು ಕೈಬಿಡುತ್ತಿದ್ದರು. ಶೆಟ್ಟೆಪ್ಪ ಬಿಡಲಿಲ್ಲ. ಗಾಳಿಯೇ ಬಿಲ್ಡಿಂಗನ್ನು ಸುತ್ತಿಕೊಂಡು ಈ ಕಡೆಯಿಂದ ಬರುತ್ತಿದೆ ಎಂದು ತೀರ್ಮಾನಿಸಿದ.

ಮಾಧುರಿಬಾಯಿಯ ಎಚ್ಚರಿಕೆ ಬಂದ ಸಂಜೆ ದೇವಕ್ಕ ಎರಡು ಉಪಾಯ ಹೇಳಿದಳು. ಹುಕ್ಕಿನ ಕೆಳಗೆ ಒಂದು ಡಬ್ಬಿ ಇಡುವುದು ಮೊದಲನೆಯದು.

"ನನ್ನ ಗಾಡಿ ಏನ ಸೋರೋ ಮನಿ ಏನ, ಡಬ್ಬಿ ಇಡಾಕ?" ಎಂದ ಶೆಟ್ಟೆಪ್ಪ.

"ಹಂಗಾರ ಹುಣಸಿಹಣ್ಣು ಹಚ್ಚಿ ತಿಕ್ಕು. ದೀಪದ ಸಮೆ ಬೆಳಗೂದಿಲ್ಲೇನ ನಾ? ಚೂರ ಉಪ್ಪ ಹಾಕ್ಕೋ, ಝಗ್ ಅಂತೈತಿ."

ಹುಣಸೆಹಣ್ಣು ಹಿತ್ತಾಳೆಯ ಸಮೆಗೆ ಸರಿ. ಕಬ್ಬಿಣಕ್ಕೆ ಉಪ್ಪು ವೈರಿಯೆಂಬುದು, ಹತ್ತು ವರ್ಷ ಉಪ್ಪಿನ ಗಾಳಿಯನ್ನು ಬೈದ ಮನುಷ್ಯನಿಗೆ, ಕೈಯಲ್ಲಿ ಉಪ್ಪಿನ ಚಿಟಿಕೆ ಹಿಡಿದಾಗಲಾದರೂ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಆ ಸಂಜೆ ಹುಕ್ಕು ನಿಜವಾಗಿಯೂ ಝಗ್ ಎಂದಿತು. ದೇವಕ್ಕ ಸೆರಗು ಸರಿಪಡಿಸಿಕೊಂಡು ಅದರಲ್ಲಿ ಮುಖ ನೋಡಿಕೊಂಡಳು. ಮರುದಿನ ಬೆಳಿಗ್ಗೆ ನೋಡಿದರೆ ಹುಕ್ಕು ಜಾತ್ರೆಯ ಬೆಂಡಿನಂತೆ ಉಬ್ಬಿ, ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಹಾಸಿನ ಮೇಲಿನ ಕಲೆ ಪಕ್ಕದ ಬ್ಲಾಕಿಗೂ ದಾಟಿತ್ತು.

ಗೇಟಿನ ಬಳಿ ದೂಜನ ಕ್ಯಾಂಟೀನು. ದೂಜ ಕಾರ್ಕಳದ ಕಡೆಯವನು. ಇಡ್ಲಿ, ವಡೆ, ಚಪಾತಿ ಪಾರ್ಸೆಲು ಮಾರುವುದರ ಜೊತೆಗೆ ಕೇಳಿದವರಿಗೂ ಕೇಳದವರಿಗೂ ಸಲಹೆ ಕೊಡುತ್ತಿದ್ದ. ಹುಕ್ಕಿನ ಮುಂದೆ ಕುಕ್ಕರಗಾಲಲ್ಲಿ ಕೂತ ಶೆಟ್ಟೆಪ್ಪನನ್ನು ನೋಡಿ ಚಹಾದ ಲೋಟ ಹಿಡಿದು ಬಂದ. ಬಗ್ಗಿ ನೋಡಿದ, ಮೂಸಿದ.

"ಅಲ್ಲ ಶೆಟ್ಟೆಪ್ಪಣ್ಣ, ಇದು ಗಾಡಿಯಾ, ಸಾರಿನ ಪಾತ್ರೆಯಾ? ಹುಳಿ ಹಾಕಿದ್ದೀರಿ, ಉಪ್ಪು ಹಾಕಿದ್ದೀರಿ. ಇನ್ನು ಒಗ್ಗರಣೆ ಒಂದು ಬಾಕಿ."

"ನಗಬ್ಯಾಡ ದೂಜಣ್ಣ. ಐತವಾರ ನನ್ನ ಜಾಗಾ ಹೋಗತೈತಿ."

ದೂಜ ನಗುವುದನ್ನು ನಿಲ್ಲಿಸಲಿಲ್ಲವಾದರೂ ಒಳಗೆ ಹೋಗಿ ಚಪಾತಿ ಸುತ್ತುವ ಅಲ್ಯುಮಿನಿಯಂ ಫಾಯಿಲನ್ನು ಒಂದು ಮೊಳ ಹರಿದು ತಂದ. "ಇದನ್ನು ಉಂಡೆ ಮಾಡಿ. ನೀರಿಗೆ ಅದ್ದಿ ಮೆಲ್ಲ ಉಜ್ಜಿ. ಕ್ರೋಮಿಗಿಂತ ಇದು ಮೆತ್ತಗೆ, ಗೀರು ಬೀಳುದಿಲ್ಲ. ಜಂಗು ಮಾತ್ರ ಬರ್ತದೆ. ಮತ್ತೆ ಒರೆಸಿ ಎಣ್ಣೆ ಹಚ್ಚಿ ಬಿಡಿ. ನನ್ನ ಸ್ಕೂಟರಿನ ಹ್ಯಾಂಡಲ್ ನೋಡಿದ್ದೀರಲ್ಲ?"

"ನೋಡೀನಿ. ಅದರಾಗ ನಿನ್ನ ಮುಖ ಸೈತ ಚಂದ ಕಾಣತೈತಿ."

"ಅದು ಹ್ಯಾಂಡಲಿನ ಗುಣ ಅಲ್ಲ ಮಾರಾಯ್ರೆ, ಮುಖದ್ದು."

ಶನಿವಾರ ಶೆಟ್ಟೆಪ್ಪ ಬಾಡಿಗೆ ಬಿಟ್ಟು ಕೂತ. ಫಾಯಿಲಿನ ಉಂಡೆ ನೀರಿನಲ್ಲಿ ಅದ್ದಿ ಉಜ್ಜಿದ. ಅದು ಕಪ್ಪಾಗಿ ಪುಡಿಯಾದಾಗ ಹೊಸ ಉಂಡೆ ಮಾಡಿದ. ಕಂದು ಕೆಸರು ಇಳಿದು ಹೋದಂತೆ ಕೆಳಗಿನಿಂದ ಬೆಳ್ಳಿ ಬೆಳಕು ಮೇಲೆ ಬಂತು. ಅಪರೂಪಕ್ಕೆ ದೂಜನ ಮಾತು ಸತ್ಯವಾಯಿತು. ಆದರೆ ಜಂಗು ಹೋದ ಮೇಲೆ ಇನ್ನೊಂದು ಸಂಗತಿ ಕಂಡಿತು. ಹುಕ್ಕಿನ ಮೇಲಿನ ಬಾಗಿನಲ್ಲಿ, ಒಂದರ ಮೇಲೊಂದು, ಅರ್ಧಚಂದ್ರಾಕಾರದ ಬಿರುಕುಗಳು. ಅಲ್ಲಲ್ಲಿ ಕ್ರೋಮ್ ಪೂರಾ ಎದ್ದುಹೋಗಿ ಗುಳಿ ಬಿದ್ದಿತ್ತು. ಗಾಳಿ ಬಿರುಕು ಮಾಡುವುದಿಲ್ಲ. ಉಪ್ಪು ಅರ್ಧಚಂದ್ರ ಬರೆಯುವುದಿಲ್ಲ. ಇದು ಹೊಡೆತ. ಯಾರೋ, ಗಟ್ಟಿಯಾದ ಏನನ್ನೋ ಹಿಡಿದು, ಒಂದು ಸಲವಲ್ಲ, ಹಲವು ಸಲ, ಬೇಕೆಂದೇ ಬಡಿದಿದ್ದರು.

ಹತ್ತು ವರ್ಷದ ಸಮುದ್ರದ ಸಿದ್ಧಾಂತ ಒಂದು ನಿಮಿಷದಲ್ಲಿ ಬಿತ್ತು. ಅದರ ಜಾಗದಲ್ಲಿ ಶತ್ರುವಿನ ಸಿದ್ಧಾಂತ ಎದ್ದು ನಿಂತಿತು.

"ದೂಜಣ್ಣ, ಇದು ಜಂಗಲ್ಲ. ಬಡದಾರ."

"ಯಾರು?"

"ಯಾರಿಗೆ ಈ ಜಾಗಾ ಬೇಕಾಗೈತೋ ಅವರು."

ಅಷ್ಟರಲ್ಲಿ ಎರಡನೆಯ ಮಹಡಿಯ ಸಚಿನ ಮೆಟ್ಟಿಲಿಳಿದು ಬಂದ. ಧಾರವಾಡದ ಕಡೆಯ ಮನೆತನ, ಹುಟ್ಟಿ ಬೆಳೆದದ್ದು ಮಾತ್ರ ಇದೇ ಬಿಲ್ಡಿಂಗಿನಲ್ಲಿ. ಕನ್ನಡವನ್ನು ಹಿಂದಿಯ ಊರುಗೋಲು ಹಿಡಿದು ನಡೆಸುತ್ತಿದ್ದ. "ನಮಸ್ತೆ ಅಂಕಲ್, ಮಸ್ತ್ ಚಮಕ್ ಬಂದೈತಿ," ಎಂದು ಹೇಳಿ ಹೋದ. ಶೆಟ್ಟೆಪ್ಪ ಅವನ ಮುಖವನ್ನು ನೋಡಲಿಲ್ಲ. ಅವನ ಕೈಗಳನ್ನು ನೋಡಿದ. ಸುತ್ತಿಗೆ ಹಿಡಿದ ಕೈಗಳಂತೆ ಕಾಣಲಿಲ್ಲ; ಆದರೆ ಸುತ್ತಿಗೆ ಹಿಡಿಯದ ಕೈಗಳಂತೆಯೂ ಕಾಣಲಿಲ್ಲ.

ಶೆಟ್ಟೆಪ್ಪ ನೇರವಾಗಿ ಮಾಧುರಿಬಾಯಿಯ ಮನೆಗೆ ಹೋದ. "ನಾಳಿ ಮೀಟಿಂಗಿನ್ಯಾಗ ನನ್ನ ವಿಷಯ ಮೊದಲ ಬರಬೇಕ್ರಿ ಬಾಯಾರ. ಹುಕ್ಕಿಗೆ ಜಂಗ ಸುಮ್ಮ ಹಿಡದಿಲ್ಲ. ಒಡದಾರ. ಯಾರು ಒಡದಾರೋ ಅವರ ಗಾಡಿ ಈ ಕಾಂಪೌಂಡಿನಾಗ ಇರಬಾರದು. ಹಂಗಂತ ನಿರ್ಣಯ ಆಗಬೇಕ್ರಿ."

ಮಾಧುರಿಬಾಯಿ ಕನ್ನಡಕದ ಮೇಲಿನಿಂದ ನೋಡಿದರು. "ಯಾರೇ ಆಗ್ಲಿ?"

"ಯಾರ ಆಗವಲ್ಲರ‍್ಯಾಕ. ನಮ್ಮಪ್ಪ ಆದ್ರೂ ಸೈ."

"ನಿಮ್ಮಪ್ಪಾರು ತೀರ್ಕೊಂಡಾರಲ್ರಿ."

"ಮಾತಿಗೆ ಅಂದೆರಿ."

ಭಾನುವಾರ ಮಣ್ಣೆತ್ತಿನ ಅಮಾವಾಸ್ಯೆ. ಊರಿನಲ್ಲಾಗಿದ್ದರೆ ಹೊಲದ ಎರೆಮಣ್ಣಿನಿಂದ ಎತ್ತು ಮಾಡುತ್ತಿದ್ದ ಸೋಮವ್ವ, ಇಲ್ಲಿ ತುಳಸಿಕುಂಡದ ಮಣ್ಣಿನಿಂದ ಜೋಡೆತ್ತು ಮಾಡಿ, ಕೊಂಬಿಗೆ ಊದುಬತ್ತಿಯ ಕಡ್ಡಿ ಚುಚ್ಚಿ, ಬಿಲ್ಡಿಂಗಿನ ಚಾಚಿದ ಸಜ್ಜಾದ ಮರೆಯಲ್ಲಿದ್ದ ಪಿಕಪ್ಪಿನ ಬಾನೆಟ್ಟಿನ ಮೇಲೆ ಕೂರಿಸಿದ್ದಳು. ಎತ್ತಿನ ಮೇಲೆ ಎತ್ತು. ಹೊರಗೆ ಮಳೆ ಹಿಡಿದಿತ್ತಾದ್ದರಿಂದ ಮೀಟಿಂಗಿಗೆ ಬಿಲ್ಡಿಂಗಿನ ಕೆಳಗಿನ ಕಂಬಗಳ ನಡುವೆ, ಪಿಕಪ್ಪಿನಿಂದ ಮಾರು ದೂರದಲ್ಲಿ, ಪ್ಲಾಸ್ಟಿಕ್ ಕುರ್ಚಿಗಳನ್ನು ಹಾಕಿದರು. ಸದಸ್ಯರು ಬಂದವರೆಲ್ಲ ಮೊದಲು ಹುಕ್ಕನ್ನು ನೋಡಿಯೇ ಕೂತರು. ಬಿರುಕುಗಳನ್ನು ಬಿಟ್ಟರೆ ಅದು ಹೊಸ ತಂಬಿಗೆಯಂತೆ ಹೊಳೆಯುತ್ತಿತ್ತು. ರಾತ್ರಿಯಿಡೀ ಬಡಿದ ಮಳೆಯ ಎರಚಲಿಗೂ ಒಂದು ಹೊಸ ಕಲೆ ಬಿದ್ದಿರಲಿಲ್ಲ. ಮಾಧುರಿಬಾಯಿ ಬಗ್ಗಿ ಪರೀಕ್ಷಿಸಿ, "ಛಲೋ ಆಗೇದ," ಎಂದರು. ಆ ಮಾತಿಗೆ ಜಾಗ ಮುಕ್ಕಾಲು ಪಾಲು ಉಳಿದಂತಾಗಿತ್ತು. ಅಲ್ಲಿಗೆ ಸುಮ್ಮನಿದ್ದರೆ ಈ ಕಥೆಯೂ ಅಲ್ಲಿಗೇ ಮುಗಿಯುತ್ತಿತ್ತು.

ಆದರೆ ನ್ಯಾಯ ಬೇಡಲು ನಿರ್ಧರಿಸಿದ ಮನುಷ್ಯ ಮುಕ್ಕಾಲು ಪಾಲಿಗೆ ಒಪ್ಪುವುದಿಲ್ಲ. ಶೆಟ್ಟೆಪ್ಪ ಎದ್ದು ನಿಂತು ಹಿಂದಿ, ಮರಾಠಿ, ಕನ್ನಡ ಮೂರನ್ನೂ ಬೆರೆಸಿ ಭಾಷಣ ಮಾಡಿದ. ಒಬ್ಬ ಬಡ ಡ್ರೈವರನ ಗಾಡಿಯ ಮೇಲೆ ಕೈಮಾಡುವವರು ನಾಳೆ ಮನುಷ್ಯರ ಮೇಲೂ ಮಾಡುತ್ತಾರೆ ಎಂದ. ತಪ್ಪಿತಸ್ಥ ಯಾರೆಂದು ತನಗೆ ಗೊತ್ತಿದೆ, ಹೆಸರು ಹೇಳುವುದಿಲ್ಲ ಎಂದ. ಹೇಳದೆ ಸಚಿನನ ಕಡೆ ಎರಡು ಸಲ ನೋಡಿದ. ಯಾರು ಹುಕ್ಕು ಒಡೆದಿದ್ದಾರೋ ಅವರ ಗಾಡಿ ಕಾಂಪೌಂಡಿನಿಂದ ಹೊರಗೆ ಹೋಗಬೇಕೆಂಬ ನಿರ್ಣಯಕ್ಕೆ ಮಾಧುರಿಬಾಯಿ ಕೈಯೆತ್ತಲು ಹೇಳಿದರು. ಎಲ್ಲರೂ ಎತ್ತಿದರು. ಸಚಿನನೂ ಎತ್ತಿದ. ಇದು ಮಾತ್ರ ಶೆಟ್ಟೆಪ್ಪನಿಗೆ ತುಸು ನಿರಾಸೆ ತಂದಿತು. ಅಪರಾಧಿಗೆ ಇಷ್ಟು ಧೈರ್ಯ ಇರಬಾರದಿತ್ತು.

"ಶೆಟ್ಟ್ಯಾ," ಎಂದಳು ಸೋಮವ್ವ ಗಾಡಿಯ ಪಕ್ಕದಿಂದ. "ಭಾಷಣಾ ಆಮ್ಯಾಲ ಮಾಡುವಂತಿ. ಹೊತ್ತ ಮೀರತೈತಿ, ಕಾಯಿ ಒಡಿ ಬಾ. ಮಂದೀನೂ ಅದಾರ, ಪ್ರಸಾದ ಆಗತೈತಿ."

ಶೆಟ್ಟೆಪ್ಪ ಗೆದ್ದವನ ನಡಿಗೆಯಲ್ಲಿ ಹೋದ. ಚಪ್ಪಲಿ ಬಿಟ್ಟ. ತಾಯಿಯ ಕೈಯಿಂದ ಕಾಯಿ ತೆಗೆದುಕೊಂಡು ಗಾಡಿಗೆ ಮೂರು ಸುತ್ತು ಇಳಿತೆಗೆದ. ಕಣ್ಣಿಗೊತ್ತಿಕೊಂಡ. ಹೊರಗೆ ನಿಂತವರಿಗೆ ಪ್ರಸಾದ ಕಟ್ಟಲು ಬಂದ ದೂಜನೂ ಕೈಮುಗಿದ. ಶೆಟ್ಟೆಪ್ಪ ಡ್ರೈವರ್ ಬಾಗಿಲಿನ ಬದಿಗೆ ನಿಂತು, ಬಲಗೈಯನ್ನು ಎತ್ತಿ, ಪ್ರತಿ ಅಮಾವಾಸ್ಯೆಗೆ ಹೊಡೆಯುತ್ತಿದ್ದಂತೆಯೇ, ಹುಕ್ಕಿನ ಮೇಲೆ ಕಾಯಿಯನ್ನು ಹೊಡೆದ.

ಠಣ್ ಎಂದಿತು. ಕಾಯಿ ಸರಿಯಾಗಿ ಎರಡು ಹೋಳಾಯಿತು. ಉಗುರಿನಷ್ಟು ಅಗಲದ ಒಂದು ಬೆಳ್ಳಿ ಚಕ್ಕೆ ಹುಕ್ಕಿನಿಂದ ಹಾರಿ, ಕೆನೆಬಣ್ಣದ ಹಾಸಿನ ಮೇಲೆ ಉರುಳಿ, ಮಾಧುರಿಬಾಯಿಯ ಚಪ್ಪಲಿಗೆ ತಾಗಿ ನಿಂತಿತು. ಕಾಯಿಯ ನೀರು ಹುಕ್ಕಿನ ಬಾಗಿನೊಳಗೆ ಇಳಿದು, ಬಿರುಕು ಬಿರುಕಿಗೂ ಹೊಕ್ಕು, ಹಳೆಯ ಕಲೆಯ ಮೇಲೆ ತೊಟ್ಟು ತೊಟ್ಟಾಗಿ ಬಿತ್ತು.

ಮೊದಲು ಮಾತಾಡಿದವನು ದೂಜ.

"ಶೆಟ್ಟೆಪ್ಪಣ್ಣ, ಕಳ್ಳ ಸಿಕ್ಕಿದ ಅಲ್ವಾ?"

ಶೆಟ್ಟೆಪ್ಪ ಎರಡೂ ಹೋಳುಗಳನ್ನು ಹಿಡಿದುಕೊಂಡು ಹುಕ್ಕನ್ನು ನೋಡಿದ. ಇನ್ನೊಂದು ಅರ್ಧಚಂದ್ರ ಮೂಡಿತ್ತು. ಉಳಿದವುಗಳ ಅಣ್ಣತಮ್ಮನಂತೆಯೇ ಇತ್ತು. ಅವನ ತಲೆಯಲ್ಲಿ ಅಮಾವಾಸ್ಯೆಗಳು ಸಾಲುಗಟ್ಟಿ ನಿಂತವು. ತಂದೆ ಬಂಡಿಯ ಮೂಕಿಮರದ ತುದಿಯ ಕಬ್ಬಿಣದ ಉಂಗುರದ ಮೇಲೆ ಕಾಯಿ ಒಡೆಯುತ್ತಿದ್ದ. ಮಗ ಪಿಕಪ್ಪಿನಲ್ಲಿ ಅಂಥದೊಂದು ಜಾಗ ಹುಡುಕಿ ಹುಕ್ಕನ್ನು ಆರಿಸಿಕೊಂಡಿದ್ದ. ಬಲಗೈಯವನಾದ್ದರಿಂದ, ಡ್ರೈವರನ ಬಾಗಿಲೂ ಅದೇ ಕಡೆ ಇರುವುದರಿಂದ, ಯಾವಾಗಲೂ ಬಲಗಡೆಯದು. ಗಾಡಿಯನ್ನು ಯಾವ ದಿಕ್ಕಿಗೆ ತಿರುಗಿಸಿ ನಿಲ್ಲಿಸಿದರೂ ಕೈ ತಿರುಗಿರಲಿಲ್ಲ. ಬಂಡಿಯ ಉಂಗುರಕ್ಕೆ ಕ್ರೋಮ್ ಇರಲಿಲ್ಲವೆಂಬುದನ್ನು ಯಾರೂ ಯೋಚಿಸಿರಲಿಲ್ಲ. ಸಾಲದ್ದಕ್ಕೆ, ಪೂಜೆಯ ನೀರನ್ನೂ ಕುಂಕುಮವನ್ನೂ ಅದೇ ದಿನ ಒರೆಸಬಾರದೆಂದು ಸೋಮವ್ವನ ಕಟ್ಟಪ್ಪಣೆ. ನಡುವೆ ಅಧಿಕಮಾಸಗಳೂ ಬಂದಿದ್ದವು. ಆ ಹೆಚ್ಚಿನ ಕಾಯಿಗಳೂ ಹುಕ್ಕಿನ ಲೆಕ್ಕಕ್ಕೇ ಸೇರಿದ್ದವು.

"ಅಂಕಲ್," ಎಂದ ಸಚಿನ ನಿಧಾನವಾಗಿ, "ಪ್ರತಿ ಅಮಾಸಿಗೆ ಇಲ್ಲೇ ಒಡೀತೀರಿ ಕ್ಯಾ?"

"ಹೂಂನಪಾ."

"ಮತ್ತ ನಿನ್ನಿಯಿಂದ ನನ್ನ ಕೈ ಯಾಕ ನೋಡ್ಲಿಕತ್ತಿದ್ರಿ?"

ಕುರ್ಚಿಗಳ ಸಾಲಿನಲ್ಲಿ ಯಾರೋ ಕೆಮ್ಮುವ ನೆವದಲ್ಲಿ ನಕ್ಕರು. ಶೆಟ್ಟೆಪ್ಪ ತಲೆ ಎತ್ತಲಿಲ್ಲ. "ತಪ್ಪಾತು ಸಚಿನ. ನಿನ್ನ ಮ್ಯಾಲ ಸಂಶಯ ಪಟ್ಟಿದ್ದೆ."

"ನನಗ ಜಾಗಾ ಬೇಕಾಗಿತ್ತು ಅಂಕಲ್. ಹುಕ್ ಬೇಕಾಗಿರಲಿಲ್ಲ."

ಅಷ್ಟರಲ್ಲಿ ಸೋಮವ್ವ ನಡುವೆ ಬಂದು ನಿಂತಳು. ಅವಳಿಗೆ ಮೀಟಿಂಗಿನ ಭಾಷೆ ಪೂರ್ತಿ ತಿಳಿಯದಿದ್ದರೂ ಮಗನ ಕುತ್ತಿಗೆ ಬಗ್ಗಿದ್ದು ತಿಳಿದಿತ್ತು. "ಅವನಿಗೇನ ಅಂತೀರವಾ. ಕಾಯಿ ಒಡಿ ಅಂದಾಕಿ ನಾನು. ಶಿಕ್ಷಾ ಕೊಡೂದಿದ್ರ ನನಗ ಕೊಡ್ರಿ."

"ಅಜ್ಜಿ, ಒಡದವರ ಗಾಡಿ ಹೊರಗ ಅಂತ ನಿರ್ಣಯ ಅದ," ಎಂದರು ಮಾಧುರಿಬಾಯಿ. "ನಿಮ್ಮ ಗಾಡಿ ಎಲ್ಲದ?"

"ನನ್ನ ಹಂತ್ಯಾಕ ಒಂದ ಬಡಿಗಿ ಐತಿ, ಊರಕೊಂಡ ಅಡ್ಡಾಡಾಕ. ಅದನ್ನ ಹೊರಗ ಒಗೀರಿ, ನೋಡೂನು."

ದೇವಕ್ಕ ಮನೆಯ ಬಾಗಿಲಲ್ಲಿ ನಿಂತು ಸೆರಗನ್ನು ಬಾಯಿಗೆ ಅಡ್ಡ ಹಿಡಿದಿದ್ದಳು. ಅದು ಅಳುವನ್ನು ತಡೆಯಲೋ ನಗುವನ್ನು ತಡೆಯಲೋ ಎಂಬುದು ಅವಳ ಗಂಡನಿಗೆ ಚೆನ್ನಾಗಿ ಗೊತ್ತಿತ್ತು.

"ಬ್ಯಾಡಬೇ," ಎಂದ ಶೆಟ್ಟೆಪ್ಪ ತಾಯಿಗೆ. "ನಮ್ಮಪ್ಪ ಆದ್ರೂ ಸೈ ಅಂತ ನಾನ ಅಂದೀನಿ. ಮಾತ ಮಾತ." ತಾಯಿಯ ಕೈಯಲ್ಲಿ ಕಾಯಿಯ ಹೋಳುಗಳನ್ನು ಇಟ್ಟ. ಬಾನೆಟ್ಟಿನ ಮೇಲಿನ ಮಣ್ಣೆತ್ತುಗಳನ್ನು ಒಂದೊಂದಾಗಿ ಎತ್ತಿ ಪಂಪಿನ ಕೋಣೆಯ ಕಟ್ಟೆಯ ಮೇಲೆ, ಮಳೆ ತಾಗದಂತೆ ಇಟ್ಟ. ಗಾಡಿ ಹತ್ತಿ ಸ್ಟಾರ್ಟ್ ಮಾಡಿದ. ನಿಂಬೆಹಣ್ಣುಗಳು ಚಕ್ರದ ಕೆಳಗೆ ಟಪ್ ಎಂದು ಒಡೆದವು. ಯಾರೂ ತಡೆಯಲಿಲ್ಲ, ತಡೆಯುವುದು ಹೇಗೆಂದು ಯಾರಿಗೂ ತೋಚಲಿಲ್ಲ. ಪಿಕಪ್ಪು ಗೇಟು ದಾಟಿ ರಸ್ತೆಗೆ ಇಳಿಯಿತು.

ರಸ್ತೆಯಲ್ಲಿ ಜಾಗವಿದ್ದರಲ್ಲವೇ ನಿಲ್ಲುವುದು? ಎರಡೂ ಬದಿಯ ಎರಡೆರಡು ಸಾಲುಗಳ ನಡುವೆ ಉಳಿದಿದ್ದ ಓಣಿಯಲ್ಲಿ ಪಿಕಪ್ಪು ಬಿಗಿಯಾಗಿ ಕೂತಿತು. ಹಿಂದೆ ಒಂದು ನೀರಿನ ಟ್ಯಾಂಕರ್, ಅದರ ಹಿಂದೆ ಹಾಲಿನ ವ್ಯಾನು, ಅದರ ಹಿಂದೆ ರಿಕ್ಷಾಗಳು. ಹಾರ್ನಿನ ಗದ್ದಲ ಏಳನೆಯ ಅಂತಸ್ತಿಗೂ ಮುಟ್ಟಿತು. ಶೆಟ್ಟೆಪ್ಪ ಕಿಟಕಿಯ ಗಾಜು ಇಳಿಸಿ ಕೂತಿದ್ದ. ಮಾತು ಉಳಿಸಿಕೊಂಡವನ ಮುಖದಲ್ಲಿ ಇರಬೇಕಾದ ಸಮಾಧಾನ ಅವನ ಮುಖದಲ್ಲಿರಲಿಲ್ಲ. ಈ ರಾತ್ರಿ ಗಾಡಿ ಎಲ್ಲಿ ಮಲಗುತ್ತದೆ ಎಂಬುದಷ್ಟೇ ಅವನ ಮನಸ್ಸಿನಲ್ಲಿತ್ತು.

ಮಾಧುರಿಬಾಯಿ ಕೊಡೆ ಬಿಡಿಸಿಕೊಂಡು ಗೇಟಿಗೆ ಬಂದರು. ಅವರ ಹಿಂದೆ ಮೀಟಿಂಗೂ ಬಂತು.

"ನಿರ್ಣಯ ಏನಿತ್ತು?" ಎಂದು ತರಗತಿಯಲ್ಲಿ ಕೇಳುವಂತೆ ಕೇಳಿದರು.

"ಗಾಡಿ ಹೊರಗ ಹೋಗಬೇಕು ಅಂತ," ಎಂದ ಸಚಿನ.

"ಹೋತೋ ಇಲ್ಲೋ?"

"ಹೋತು."

"ಎಷ್ಟೊತ್ತು ಹೊರಗ ಇರಬೇಕು ಅಂತ ಯಾರರೆ ಹೇಳೀರೇನು? ನಾ ಹೇಳಿಲ್ಲ. ಶೆಟ್ಟೆಪ್ಪ ಅವರೂ ಹೇಳಿಲ್ಲ. ಹಂಗಾದ್ರ ನಿರ್ಣಯ ಪೂರಾ ಆತು." ಅವರು ಕಿಟಕಿಯ ಕಡೆ ತಿರುಗಿದರು. "ಶೆಟ್ಟೆಪ್ಪ ಅವರ, ಗಾಡಿ ಒಳಗ ತಗೊಂಡ ಬರ್ರಿ. ಹಾಲಿನ ವ್ಯಾನ್ ನಿಂತದ ಹಿಂದ. ಆದ್ರ ಇನ್ನ ಮುಂದ ಕಾಯಿ ಹುಕ್ಕಿನ ಮ್ಯಾಲ ಇಲ್ಲ, ನನ್ನ ಬ್ಲಾಕ್ ಮ್ಯಾಲೂ ಇಲ್ಲ. ಕಲಿ ಬಿದ್ದದ್ದನ್ನ ನೀವ ತಿಕ್ಕಿ ತಗೀಬೇಕು. ಹುಣಸಿಹಣ್ಣಲೆ ಅಲ್ಲ ಮತ್ತ."

ಸಚಿನ ಏನೋ ಆಕ್ಷೇಪ ಎತ್ತಲು ಬಾಯಿ ತೆರೆದ. ಕಾನೂನಿನ ದೃಷ್ಟಿಯಿಂದ ಅವನಿಗೆ ಆ ಹಕ್ಕಿತ್ತು. ಆದರೆ ಪ್ರಸಾದ ಹಂಚುತ್ತಿದ್ದ ಸೋಮವ್ವ ಆ ಬಾಯಿಗೆ ಸಮಯಕ್ಕೆ ಸರಿಯಾಗಿ ಒಂದು ದೊಡ್ಡ ಹೋಳು ಕೊಬ್ಬರಿ ಇಟ್ಟಳು. ಹಸಿ ಕೊಬ್ಬರಿಯನ್ನು ಅಗಿದು ನುಂಗುವುದಕ್ಕೆ ವೇಳೆ ಹಿಡಿಯುತ್ತದೆ. ಅಷ್ಟರಲ್ಲಿ ಪಿಕಪ್ಪು ಹಿಮ್ಮುಖವಾಗಿ ಗೇಟಿನೊಳಗೆ ಬಂದು ತನ್ನ ಜಾಗದಲ್ಲಿ ನಿಂತಾಗಿತ್ತು. ಸದಸ್ಯರು ಸಾಕ್ಷ್ಯವನ್ನು ತಿಂದು ಮುಗಿಸಿ ಕುರ್ಚಿಗಳಿಗೆ ಮರಳಿದರು. ಮಾಧುರಿಬಾಯಿ ಮುಂದಿನ ವಿಷಯವಾದ ನೀರಿನ ಟಾಕಿಯ ಸ್ವಚ್ಛತೆಯನ್ನು ಕೈಗೆತ್ತಿಕೊಂಡರು. ಅದರಲ್ಲಿ ಇನ್ನೂ ದೊಡ್ಡ ಜಗಳವಾಯಿತು.

ಶೆಟ್ಟೆಪ್ಪ ಜಗಳಕ್ಕೆ ಹೋಗಲಿಲ್ಲ. ಹುಕ್ಕಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಅಂಗಿಯ ಜೇಬಿನಿಂದ ಒಣ ಬಟ್ಟೆ ತೆಗೆದು, ಕಾಯಿಯ ನೀರನ್ನು ಬಿರುಕು ಬಿರುಕಿನಿಂದ ಒತ್ತಿ ಒತ್ತಿ ಒರೆಸತೊಡಗಿದ.

"ಇವತ್ತ ಒರಸಬಾರದೋ ಶೆಟ್ಟ್ಯಾ," ಎಂದಳು ಸೋಮವ್ವ ಮೆಲುದನಿಯಲ್ಲಿ. "ದೇವರ ನೀರ ಐತಿ."

ಶೆಟ್ಟೆಪ್ಪ ತಾಯಿಯ ಮುಖ ನೋಡಿದ, ಒರೆಸುವುದನ್ನು ಮಾತ್ರ ನಿಲ್ಲಿಸಲಿಲ್ಲ. ಸೋಮವ್ವ ಬಡಿಗೆಯನ್ನು ಗಾಡಿಗೆ ಒರಗಿಸಿದಳು. ಆಮೇಲೆ ಮಗನಿಗೆ ಬೆನ್ನು ತಿರುಗಿಸಿ, ಕಂಬಗಳಾಚೆ ಸುರಿಯುತ್ತಿದ್ದ ಮಳೆಯ ಕಡೆ ಕೈಮುಗಿದು, "ನಿನ್ನ ನೀರ ಮಳಿ ತೊಳಕೊಂಡ ಹೋತಪಾ ಶಿವನ, ನಾವಲ್ಲ," ಎಂದಳು.